ಪೆಟ್ರೋಲ್ ಎಲ್ಲಿ ಹೋಯಿತೆಂದು ಕೇಳಿದ್ದೆಯಲ್ಲ, ಅಪ್ಪಾ

ಅಪ್ಪಾ,

‘ತೀರ್ಥರೂಪ’ ಎಂದು ಬರೆದೆ, ಆಮೇಲೆ ಹೊಡೆದು ಹಾಕಿದೆ. ಅಷ್ಟು ದೊಡ್ಡ ಮರ್ಯಾದೆ ಕೊಡುವ ಮನಸ್ಸು ಇವತ್ತು ಇಲ್ಲ. ನೀನು ಹೋಗಿ ಐದನೇ ತಿಂಗಳು ನಡೆದಿದೆ, ಕ್ಷೇಮ ಸಮಾಚಾರ ಕೇಳುವ ಹಾಗೂ ಇಲ್ಲ. ಅದಕ್ಕೇ ನೇರ ವಿಷಯಕ್ಕೆ ಬರುತ್ತೇನೆ. ದೋಷ ಗಾಡಿಯಲ್ಲಿತ್ತು. ನನ್ನಲ್ಲಿರಲಿಲ್ಲ.

ಆ ದೋಷ ಈಗ ಈ ಹಾಳೆಯ ಪಕ್ಕದಲ್ಲೇ ಬಿದ್ದಿದೆ. ಹೆಬ್ಬೆರಳಿನಷ್ಟು ಉದ್ದ, ಒಂದು ತುದಿ ಹಿತ್ತಾಳೆ, ಇನ್ನೊಂದು ತುದಿ ಪ್ಲಾಸ್ಟಿಕ್ಕು. ಸೆನ್ಸರ್ ಅನ್ನುತ್ತಾರೆ. ಎಂಜಿನ್ನಿನ ಸುತ್ತ ಹರಿದಾಡುವ ನೀರು ಎಷ್ಟು ಬಿಸಿಯಾಗಿದೆ ಎಂದು ಗಾಡಿಯ ಕಂಪ್ಯೂಟರಿಗೆ ಹೇಳುವುದಷ್ಟೇ ಇದರ ಕೆಲಸ. ಇದು ತಿಂಗಳುಗಟ್ಟಲೆ ಸುಳ್ಳು ಹೇಳಿತು. ಇದರ ಸುಳ್ಳಿಗೆ ನೀನು ನನ್ನನ್ನು ಹೊಣೆ ಮಾಡಿದೆ, ನಾಲ್ಕು ಮಂದಿಯ ಮುಂದೆ. ಓದಲು ಆಗುವುದಿದ್ದರೆ ಪೂರ್ತಿ ಓದು. ಮಾತು ಅರ್ಧದಲ್ಲಿರುವಾಗಲೇ ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದು ಹೋಗುವ ನಿನ್ನ ಚಾಳಿ ಈ ಸಲ ನಡೆಯುವುದಿಲ್ಲ.

ಅಣ್ಣಿಗೇರಿಯ ಗಂಡನ ಮನೆ ಬಿಟ್ಟು, ಒಂದೇ ಒಂದು ಬ್ಯಾಗು ಹಿಡಿದು ನಾನು ಸಂಶಿಯಲ್ಲಿ ಬಸ್ಸು ಇಳಿದ ದಿನ ನಿನಗೆ ನೆನಪಿರಬೇಕು. ನೀನು ಹಿತ್ತಲಲ್ಲಿ ಹತ್ತಿಕಟ್ಟಿಗೆಯ ಹೊರೆ ಕಟ್ಟುತ್ತಿದ್ದೆ. ತಲೆ ಎತ್ತಿ ನೋಡಿ, “ಬಂದ್ಯಾ? ಬಾ. ಕೈಕಾಲು ತೊಳಕೋ, ಉಣ್ಣೂಣು” ಅಂದೆ. ಯಾಕೆ ಬಂದೆ ಎಂದು ಕೇಳಲಿಲ್ಲ. ಎಷ್ಟು ದಿನಕ್ಕೆ ಎಂದೂ ಕೇಳಲಿಲ್ಲ. ಓಣಿಯ ಹೆಂಗಸರು ಕೆದಕಲು ಬಂದಾಗ, “ನನ್ನ ಮಗಳು ನನ್ನ ಮನಿಗೆ ಬಂದಾಳ, ನಿಮಗೇನ್ ತ್ರಾಸು?” ಎಂದು ಬಾಯಿ ಮುಚ್ಚಿಸಿದೆ. ಅವತ್ತು ಬಚ್ಚಲಲ್ಲಿ ಕೂತು ಅತ್ತೆ. ದುಃಖಕ್ಕಲ್ಲ. ಪ್ರಶ್ನೆ ಕೇಳದ ಒಬ್ಬ ಮನುಷ್ಯ ಈ ಭೂಮಿಯ ಮೇಲೆ ಇದ್ದಾನಲ್ಲ, ಅವನು ನನ್ನ ಅಪ್ಪನೇ ಆಗಿದ್ದಾನಲ್ಲ ಎಂದು. ಎಂಥ ಹುಚ್ಚಿ ನಾನು!

ಗಾಡಿ ಓಡಿಸಲು ಕಲಿಸಿದವನೂ ನೀನೇ. ಕಡಲೆ ಕಿತ್ತು ಖಾಲಿಯಾದ ಹೊಲದಲ್ಲಿ, ಆಗಷ್ಟೇ ಕೊಂಡುತಂದ ಹಳೆಯ ಬಿಳಿ ಕಾರಿನ ಸ್ಟೇರಿಂಗ್ ಮುಂದೆ ನನ್ನನ್ನು ಕೂರಿಸಿದೆ. “ಕ್ಲಚ್ ಸಾವಕಾಶ ಬಿಡು. ಅಗದಿ ಸಾವಕಾಶ. ಎತ್ತು ನೊಗಕ್ಕ ಹೆಗಲು ಕೊಡೂತನಕಾ ನಾವು ತಡೀತಿರಲಿಲ್ಲೇನು, ಹಂಗ.” ಮೂವತ್ತು ದಾಟಿದ ಹೆಂಗಸು ಹೊಲದಲ್ಲಿ ಕಾರು ಜಿಗಿಸುವ ತಮಾಷೆ ನೋಡಲು ಜನ ಬದುವಿನ ಮೇಲೆ ಬಂದು ಕೂರುತ್ತಿದ್ದರು. ನೀನು ಅವರಿಗೆ ಬೆನ್ನು ಕೊಟ್ಟು ನಿಂತಿರುತ್ತಿದ್ದೆ. ಲೈಸೆನ್ಸ್ ಬಂದ ದಿನ ಓಣಿಗೆಲ್ಲ ಪೇಢೆ ಹಂಚಿದೆ. ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ ಗೊತ್ತೇ? ನೀನು ಮೊದಲಿನಿಂದಲೂ ಕೆಟ್ಟ ಅಪ್ಪನಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಎತ್ತಿನ ಮಾತು ಬಂತಲ್ಲ, ಕೆಟ್ಟದ್ದು ಅಲ್ಲಿಂದಲೇ. ಎತ್ತುಗಳು ಹೋದ ಮೇಲೆ ಕಾರನ್ನು ನೀನು ದನದ ಕೊಟ್ಟಿಗೆಯಲ್ಲಿ, ಅವು ಮೇಯುತ್ತಿದ್ದ ಜಾಗದಲ್ಲೇ ಕಟ್ಟಿದೆ. ನಿಲ್ಲಿಸಿದೆ ಅನ್ನಬೇಕು, ಆದರೆ ನೀನು ಕಟ್ಟಿದೆ ಎಂದೇ ಅನ್ನುತ್ತಿದ್ದೆ. ಬೆಳಿಗ್ಗೆ ಜಳಕ ಮಾಡಿ ಬಂದವನೇ ಬಾನೆಟ್ ಎತ್ತಿ, ಹಿತ್ತಲ ಬೋರಿನ ನೀರು ಒಂದು ತಂಬಿಗೆ ರೇಡಿಯೇಟರಿಗೆ ಹೊಯ್ಯುವೆ. ಸಂಜೆ ಮತ್ತೊಂದು ತಂಬಿಗೆ. ಅಮಾವಾಸ್ಯೆ ಬಂದರೆ ಕೆಳಗಿನ ನಲ್ಲಿ ತಿರುವಿ ಹಳೆಯ ನೀರನ್ನೆಲ್ಲ ಚೆಲ್ಲಿ, ಹೊಸ ನೀರು ತುಂಬಿ, ಆಮೇಲೆ ಪೂಜೆ. ಕೂಲೆಂಟ್ ಅನ್ನುವ ಹಸಿರು ದ್ರವವನ್ನು ನಾನು ಡಬ್ಬಿಗಟ್ಟಲೆ ತಂದಿಟ್ಟಿದ್ದೆ. ನೀನು ಮೂಸಿ ನೋಡಿ ಮೂಗು ಮುರಿದೆ. “ಈ ಹಸರ ನೀರು ಯಾವ ಜೀವಾ ಕುಡೀತೈತಿ? ದುಡಿಯೂ ಜೀವಕ್ಕ ಮುಂಜಾನೆ ಎದ್ದ ಕೂಡ್ಲೆ ತಣ್ಣನ ನೀರು ಬೇಕು.” ಆಗ ನಾನು ನಕ್ಕೆ. ನಗಬಾರದಿತ್ತು.

ನಮ್ಮ ಬೋರಿನ ನೀರು ಎಂಥದು ಎಂದು ನಿನಗೆ ಗೊತ್ತಿರಲಿಲ್ಲವೇ? ಎರೆ ಭೂಮಿಯ ಸವಳು ನೀರು. ಅದರಲ್ಲಿ ಬೇಳೆ ಬೇಯುವುದಿಲ್ಲ. ಹಂಡೆಯ ಒಳಗೆ ಬೆರಳು ದಪ್ಪ ಬಿಳಿ ಹಕ್ಕಳೆ ಕಟ್ಟುತ್ತದೆ, ಅವ್ವ ವರ್ಷಕ್ಕೊಮ್ಮೆ ಉಳಿ ತಗೊಂಡು ಕೆತ್ತುತ್ತಾಳೆ. ಮನೆಯಲ್ಲಿ ನಾವ್ಯಾರೂ ಬಾಯಿಗೆ ಹಾಕದ ನೀರನ್ನು ನೀನು ಪ್ರೀತಿಯಿಂದ ಎರಡು ಹೊತ್ತು ಎಂಜಿನ್ನಿಗೆ ಕುಡಿಸಿದೆ. ಅದು ಎತ್ತಲ್ಲ ಅಪ್ಪಾ, ಕಬ್ಬಿಣ. ಒಳಗೊಳಗೇ ಹಕ್ಕಳೆ ಕಟ್ಟಿಕೊಂಡಿತು.

ಸರೋಜಾ ಟೀಚರ್ ಮತ್ತು ಇನ್ನಿಬ್ಬರು ಟೀಚರುಗಳನ್ನು ಒಳಗಿನ ಊರಿನ ಶಾಲೆಗೆ ಬಿಟ್ಟು ಬರುವ ಕೆಲಸ ನನಗೆ ಸಿಕ್ಕಾಗ ನೀನು ಎಷ್ಟು ಹಿಗ್ಗಿದ್ದೆ. ಬೆಳಿಗ್ಗೆ ಬಿಡುವುದು, ಸಂಜೆ ಕರೆತರುವುದು. ಅದೇ ರಸ್ತೆ, ಅದೇ ತಗ್ಗು, ಅದೇ ಹಳ್ಳದ ಸೇತುವೆ. ಸೋಮವಾರ ಪೆಟ್ರೋಲ್ ಹಾಕಿಸಿದರೆ ಮುಂದಿನ ಸೋಮವಾರದ ತನಕ ಚಿಂತೆ ಇರಲಿಲ್ಲ. ಆಮೇಲೆ ಶನಿವಾರಕ್ಕೇ ಮುಗಿಯತೊಡಗಿತು. ಆಮೇಲೆ ಗುರುವಾರಕ್ಕೆ. ಕಿಲೋಮೀಟರ್ ತೋರಿಸುವ ಮೀಟರು ಗಾಡಿ ಕೊಂಡಾಗಲೇ ನಿಂತುಹೋಗಿತ್ತು, ಅದನ್ನು ಸರಿಮಾಡಿಸು ಎಂದು ಹತ್ತು ಸಲ ಹೇಳಿದ್ದೆ. ಮಾಡಿಸಿದ್ದರೆ ಅದೊಂದೇ ನನಗೆ ಸಾಕ್ಷಿ ಆಗುತ್ತಿತ್ತು.

“ಪೆಟ್ರೋಲ್ ಎಲ್ಲಿ ಹೋತು ಬೇ?” ಎಂದು ಮೊದಮೊದಲು ನೀನು ನಗುತ್ತಲೇ ಕೇಳಿದೆ. ಆಮೇಲೆ ನಗು ನಿಂತಿತು, ಪ್ರಶ್ನೆ ಉಳಿಯಿತು. ಅಷ್ಟರಲ್ಲಿ ಯಾರೋ ಪುಣ್ಯಾತ್ಮ, ಕುಂದಗೋಳದ ಹಾದಿಯಲ್ಲಿ ಮಧ್ಯಾಹ್ನದ ಹೊತ್ತಿನಲ್ಲಿ ಬಿಳಿ ಕಾರು ನಿಂತಿತ್ತು ಎಂದು ನಿನ್ನ ಕಿವಿಗೆ ಹಾಕಿದ. ಜಗತ್ತಿನಲ್ಲಿ ಬಿಳಿ ಕಾರು ನಮ್ಮದೊಂದೇ ಏನು? ಗಾಡಿ ಕೆಟ್ಟಿದೆ ಅಪ್ಪಾ, ಹೊಗೆ ಕಪ್ಪಗೆ ಬರುತ್ತಿದೆ, ಒಳಗೆಲ್ಲ ಪೆಟ್ರೋಲಿನ ವಾಸನೆ ಎಂದು ನಾನು ಹೇಳಿದೆ. ನೀನು ಗಾಡಿಯನ್ನು ಹುಬ್ಬಳ್ಳಿಗೆ ಒಯ್ದೆ. ಅಲ್ಲಿಯ ಗ್ಯಾರೇಜಿನಲ್ಲಿ ಯಾರೋ ಒಬ್ಬ ದೋಷ ಹುಡುಕುವ ಯಂತ್ರದ ವೈರು ಚುಚ್ಚಿ, ಹಲಗೆಯಂಥ ಪರದೆ ನೋಡಿ, “ಏನೂ ಪ್ರಾಬ್ಲಂ ತೋರಸವಲ್ದುರಿ, ಗಾಡಿ ಕ್ಲೀನ್ ಐತಿ” ಅಂದನಂತೆ. ಯಂತ್ರ ಗಾಡಿ ಸರಿಯಿದೆ ಅಂದ ಮೇಲೆ ಉಳಿದವಳು ನಾನೊಬ್ಬಳೇ ಅಲ್ಲವೇ? ನಿನ್ನ ಲೆಕ್ಕ ಅಷ್ಟು ಸುಲಭವಾಗಿ ಮುಗಿಯಿತು.

ಆ ಬೆಳಿಗ್ಗೆ ಮೂವರು ಟೀಚರುಗಳು ಗಾಡಿಯ ಬಾಜು ಚೀಲ ಹಿಡಿದು ನಿಂತಿದ್ದರು. ಪಡಸಾಲೆಯಲ್ಲಿ ನಿನ್ನ ತಮ್ಮ, ಬಸಣ್ಣ ಕಾಕಾ, ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಅವನನ್ನು ನೀನೇ ಕರೆಸಿದ್ದೆ. ನಾನು ಚಾವಿ ಹಿಡಿದು ಹೊರಟಾಗ ನೀನು ದೇವರ ಜಗುಲಿಯಿಂದ ಅರಿಶಿನ ಭಂಡಾರದ ಬಟ್ಟಲು ತಂದು ನನ್ನ ಮುಂದೆ ಹಿಡಿದೆ.

“ಇದನ್ನ ಮುಟ್ಟಿ ಹೇಳು. ಶಾಲಿ ಬಿಟ್ರ ಬ್ಯಾರೆ ಎಲ್ಲೂ ಗಾಡಿ ಒಯ್ದಿಲ್ಲಂತ.”

“ನಾ ಹೇಳೇನಲ್ಲಪಾ. ಬಾಯಿಲೆ ಹೇಳೇನಿ. ಅದು ಸಾಲೂದಿಲ್ಲೇನು?”

“ಖರೇ ಇದ್ರ ಮುಟ್ಟಾಕೇನಡ್ಡಿ?”

“ನಾ ಮುಟ್ಟೂದಿಲ್ಲ.”

ಕಾಕಾ ನಿಧಾನಕ್ಕೆ ಎಲೆಗೆ ಸುಣ್ಣ ಸವರುತ್ತ, “ನೋಡಪಾ ಅಣ್ಣಾ, ಸಿಕ್ತಲ್ಲ ಉತ್ತರಾ” ಅಂದ.

ನೀನು ಅಂಗೈ ಚಾಚಿದೆ, ಚಾವಿಗೆ. ಅಷ್ಟಕ್ಕೇ ನಿಲ್ಲಿಸಿದ್ದರೆ... ಇಲ್ಲ, ನೀನು ನಿಲ್ಲಿಸಲಿಲ್ಲ. “ಗಂಡನ ಮನಿ ಬಿಟ್ಟು ಬಂದಾಗ ನಾ ಒಂದು ಮಾತು ಕೇಳಲಿಲ್ಲ. ಆವಾಗ ಕೇಳಬೇಕಿತ್ತು ಅನಸ್ತೈತಿ ಈಗ.” ಮೂವರು ಟೀಚರುಗಳ ಮುಂದೆ. ನಿನ್ನ ತಮ್ಮನ ಮುಂದೆ. ಅವ್ವನ ಮುಂದೆ.

ಅವತ್ತು ಯಾಕೆ ಮುಟ್ಟಲಿಲ್ಲ ಗೊತ್ತೇ? ನೀನು ಕೇಳಿರಲಿಲ್ಲ, ಅದಕ್ಕೇ ಹೇಳಿರಲಿಲ್ಲ. ಅಣ್ಣಿಗೇರಿಯಲ್ಲಿ ಗಂಡನದು ದಿನಾ ಇದೇ ಮಾತು: ಬಾವಿಯ ಹತ್ತಿರ ನಿಂತು ಯಾರ ಜೊತೆ ಮಾತಾಡಿದೆ, ಭಂಡಾರ ಮುಟ್ಟು. ಸಂತೆಯಿಂದ ಬರಲು ಯಾಕೆ ತಡವಾಯಿತು, ಭಂಡಾರ ಮುಟ್ಟು. ಮುಟ್ಟಿ ಮುಟ್ಟಿ, ಒಮ್ಮೆಯೂ ಸುಳ್ಳಾಡದೆ, ನಾಲ್ಕು ವರ್ಷ ಆ ಮನೆಯಲ್ಲಿ ಕಳ್ಳಿಯ ಹಾಗೆ ಬದುಕಿದ್ದೆ. ಆಣೆ ಮಾಡಿಸಿಕೊಂಡವರಿಗೆ ಆಣೆ ಯಾವತ್ತೂ ಸಾಲುವುದಿಲ್ಲ, ಮರುದಿನ ಮತ್ತೊಂದು ಬೇಕು. ಇನ್ನು ನನ್ನ ಮಾತಿಗೆ ದೇವರ ಜಾಮೀನು ಕೊಡಲಾರೆ ಎಂದು ಬ್ಯಾಗು ಎತ್ತಿಕೊಂಡು ಬಂದದ್ದು ನಿನ್ನ ಮನೆಗೆ. ನೀನೂ ಅದೇ ಬಟ್ಟಲು ಹಿಡಿದು ನಿಂತೆ.

ಆಮೇಲೆ ಎರಡು ತಿಂಗಳು ಟೀಚರುಗಳನ್ನು ನೀನೇ ಬಿಟ್ಟು ಬಂದೆ. ನನ್ನ ಜೊತೆ ಮಾತು ನಿಂತಿತು. ನಾನು ಎದುರಿಗೇ ಕೂತಿದ್ದರೂ ಅವ್ವನಿಗೆ, “ಆಕಿಗೆ ಉಣ್ಣಾಕ ಹೇಳು” ಅನ್ನುತ್ತಿದ್ದೆ. ನಾನೂ ಹಟಮಾರಿಯೇ. ನೀನು ಪಡಸಾಲೆಗೆ ಬಂದರೆ ನಾನು ಹಿತ್ತಲಿಗೆ, ನೀನು ಹಿತ್ತಲಿಗೆ ಬಂದರೆ ನಾನು ಅಡಿಗೆಮನೆಗೆ. ಒಂದು ಮಧ್ಯಾಹ್ನ ಮೆಣಸಿನಕಾಯಿ ಹೊಲದಲ್ಲಿ ಎದೆ ಹಿಡಿದುಕೊಂಡು ಬದುವಿನ ಮೇಲೆ ಕೂತವನು ಮತ್ತೆ ಏಳಲಿಲ್ಲ. ನಾನು ಓಡಿ ಬಂದು, ನಿನ್ನ ಅಂಗಿಯ ಕಿಸೆಯಲ್ಲಿ ಕೈ ಹಾಕಿ ಚಾವಿ ತೆಗೆದು, ಹೊಲದ ಆಳುಗಳಿಂದ ನಿನ್ನನ್ನು ಎತ್ತಿಸಿ ಗಾಡಿಯ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಸಂಶಿಯ ಡಾಕ್ಟರ ಹತ್ತಿರ ತಂದೆ. ಅವರು ನಾಡಿ ಹಿಡಿದು ನೋಡಿ ತಲೆ ಅಲ್ಲಾಡಿಸಿದರು. ಎರಡು ತಿಂಗಳಲ್ಲಿ ನಾನು ನಿನ್ನನ್ನು ಮುಟ್ಟಿದ್ದು ಅದೊಂದೇ ಸಲ, ಚಾವಿ ತೆಗೆಯಲು.

ಎಲ್ಲ ಕಾರ್ಯ ಮುಗಿದ ಮೇಲೆ ಸರೋಜಾ ಟೀಚರ್ ತಾವಾಗಿಯೇ ಮನೆಗೆ ಬಂದರು. “ರೇಣುಕಾ, ನೀವ ಬರ್ರಿ ಮತ್ತ. ನಮಗ ನಿಮ್ಮ ಮ್ಯಾಲೆ ಏನೂ ಇಲ್ರಿ” ಅಂದರು. ಏನೂ ಇಲ್ಲ ಎಂದು ಹೇಳಬೇಕಾಗಿ ಬಂತಲ್ಲ, ಅದೇ ಚುಚ್ಚಿತು. ಆದರೂ ಹೊರಟೆ. ಪೆಟ್ರೋಲ್ ಮತ್ತೆ ಗುರುವಾರಕ್ಕೇ ಮುಗಿಯಿತು. ಈಗ ಕೇಳುವವರು ಯಾರೂ ಇರಲಿಲ್ಲ, ಅದಕ್ಕೇ ಇರಬೇಕು, ತಲೆ ತಣ್ಣಗಿಟ್ಟುಕೊಂಡು ನೋಡಲು ಸಾಧ್ಯವಾಯಿತು.

ಒಂದು ಸಂಜೆ ಶಾಲೆಯ ಮುಂದೆ ಟೀಚರುಗಳಿಗೆ ಕಾಯುತ್ತ ಎಂಜಿನ್ ಚಾಲೂ ಇಟ್ಟುಕೊಂಡೇ ನಿಂತಿದ್ದೆ. ಬಾನೆಟ್ಟಿನ ಸಂದಿಯಿಂದ ಆವಿ ಬರತೊಡಗಿತು. ಎಂಜಿನ್ ಬಂದ್ ಮಾಡಿ ಇಳಿದು ಕೈ ಇಟ್ಟರೆ ಚುರ್ ಎಂದಿತು. ಮತ್ತೆ ಒಳಗೆ ಬಂದು ಚಾವಿ ಅರ್ಧ ತಿರುವಿ ನೋಡಿದರೆ ಬಿಸಿ ತೋರಿಸುವ ಮುಳ್ಳು ಕೆಳಗೆ, ತೀರಾ ಕೆಳಗೆ, ಈಗಷ್ಟೇ ಕೊಟ್ಟಿಗೆಯಿಂದ ಹೊರಟ ಗಾಡಿಯಂತೆ ಮಲಗಿದೆ. ಇಷ್ಟು ಕಾದರೂ ಮುಂದಿನ ಫ್ಯಾನು ಒಂದು ಸುತ್ತೂ ತಿರುಗಿರಲಿಲ್ಲ. ಆಗ ಹೊಳೆಯಿತು, ಈ ಗಾಡಿ ಫ್ಯಾನು ಹಾಕಿದ ಸಪ್ಪಳವನ್ನೇ ನಾನು ಎಷ್ಟೋ ತಿಂಗಳಿಂದ ಕೇಳಿಲ್ಲ. ಕೈ ಸುಡುತ್ತಿದೆ ಅನ್ನುತ್ತದೆ, ಮುಳ್ಳು ತಣ್ಣಗಿದೆ ಅನ್ನುತ್ತದೆ. ಎರಡರಲ್ಲಿ ಒಂದು ಸುಳ್ಳು. ನನ್ನ ಕೈ ಸುಳ್ಳು ಹೇಳುವುದಿಲ್ಲ.

ಬಸ್ ಸ್ಟ್ಯಾಂಡಿನ ಹತ್ತಿರ ಬ್ಯಾಟರಿ ಅಂಗಡಿ ಇಟ್ಟಿರುವ ಮಾಬುಸಾಬ್ ಕಾಕಾನ ಹತ್ತಿರ ಹೋಗಿ ಇಷ್ಟನ್ನೂ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡು, “ಗಾಡಿ ಇನ್ನೂ ಥಂಡಿ ಐತಿ ಅಂತ ಕಂಪ್ಯೂಟರ್ ತಿಳಕೊಂಡೈತಿ ಯವ್ವಾ. ಚಳಿಯಾಗ ಸ್ಟಾರ್ಟ್ ಮಾಡಬೇಕಾದ್ರ ಪೆಟ್ರೋಲ್ ಜಾಸ್ತಿ ಬೇಕಲ್ಲ, ಹಂಗ ಇಡೀ ದಿನಾ ಸುರೀತಿರತೈತಿ. ಫ್ಯಾನ್ ಯಾಕ ಹಾಕೀತು, ಅದರ ಲೆಕ್ಕದಾಗ ಬಿಸೀನ ಆಗಿಲ್ಲ” ಅಂದ.

“ಮತ್ತ ಹುಬ್ಬಳ್ಳಿ ಮಷಿನ್ ಏನೂ ತೋರಸಲಿಲ್ಲಲ್ಲ ಕಾಕಾ?”

“ವೈರ್ ಹರಿದಿದ್ರ ತೋರಸತಿತ್ತು. ಇದು ಸುದ್ದಿ ಕೊಡಾಕತ್ತೈತಿ, ತಪ್ಪು ಸುದ್ದಿ ಅಷ್ಟ. ಕಾದ ಗಾಡಿಯಾಗ ಎಷ್ಟು ಡಿಗ್ರಿ ಅಂತೈತಿ ಅಂತ ಒಂದ ಸಲ ನೋಡಿದ್ರ ಗೊತ್ತಾಗತಿತ್ತು. ಯಾರು ನೋಡ್ತಾರ?”

ಅವನು ಒಂದು ಹೊಸ ಸೆನ್ಸರ್, ಕರೆಂಟ್ ಅಳೆಯುವ ಸಣ್ಣ ಮೀಟರು ಕೊಟ್ಟು ಕಳಿಸಿದ. ಹಳೆಯದನ್ನೂ ಹೊಸದನ್ನೂ ಒಂದೇ ನೀರಿನಲ್ಲಿಟ್ಟು ಕಾಸು, ನೀರು ಬಿಸಿಯಾದಷ್ಟೂ ಮೀಟರಿನ ಅಂಕಿ ಇಳಿಯಬೇಕು, ಇಳಿಯದಿದ್ದರೆ ಅದೇ ಕಳ್ಳ ಅಂದ. ರವಿವಾರ ಮುಂಜಾನೆ, ಗಾಡಿ ತಣ್ಣಗಿದ್ದಾಗ ಪಾನಾ ಹಾಕಿ ತಿರುವಿ ತೆಗೆದೆ. ಅವ್ವನ ಹಂಡೆಯಲ್ಲಿ ಕಟ್ಟುವ ಅದೇ ಬಿಳಿ ಹಕ್ಕಳೆ ಅದರ ಮೂತಿಗೂ ಮೆತ್ತಿತ್ತು. ಹಿತ್ತಾಳೆಯನ್ನು ಉಪ್ಪು ತಿಂದು ಹಾಕಿತ್ತು, ಪಿನ್ನಿಗೆಲ್ಲ ಹಸಿರು ಕಿಲುಬು. ನಿನ್ನ ತಂಬಿಗೆಯ ಕೆಲಸ.

ಒಲೆಯ ಮೇಲೆ ಚಹಾದ ಪಾತ್ರೆ ಇಟ್ಟಾಗ ಅವ್ವ, “ಆ ಹೊಲಸು ಅದ್ರಾಗ ಹಾಕಬ್ಯಾಡ ಬೇ” ಎಂದು ಗೊಣಗಿದಳು. ನಾನು ಕೇಳಲಿಲ್ಲ. ಹೊಸದರ ಪಿನ್ನಿಗೆ ಮೀಟರಿನ ವೈರು ಹಿಡಿದೆ. ತಣ್ಣೀರಿನಲ್ಲಿ ಎರಡು ಸಾವಿರದ ಮೇಲಿದ್ದ ಅಂಕಿ ನೀರು ಕಾದಂತೆ ಇಳಿಯುತ್ತ ಇಳಿಯುತ್ತ, ಕುದಿ ಬರುವ ಹೊತ್ತಿಗೆ ಇನ್ನೂರಕ್ಕೆ ಬಂತು. ಆಮೇಲೆ ಅದೇ ಕುದಿಯುವ ನೀರಿನಲ್ಲಿ ಹಳೆಯದನ್ನು ಅದ್ದಿದೆ. ಸಾವಿರದೈನೂರಕ್ಕೆ ಬಂದು ನಿಂತಿತು. ಕಾದೆ. ಮತ್ತೂ ಕಾದೆ. ನೀರು ಕೊತಕೊತ ಕುದಿಯುತ್ತಿದೆ, ಸ್ಟೀಲಿನ ಚಿಮಟಾ ಹಿಡಿದ ಬೆರಳು ಸುಡುತ್ತಿದೆ, ಅದು ಮಾತ್ರ ಸಾವಿರದೈನೂರರಿಂದ ಕದಲಲಿಲ್ಲ. ನಾನು ಅಡಿಗೆಮನೆಯಲ್ಲಿ ನಿಂತು ಕೂಗಿದೆ, “ನೋಡವಾ! ಇಲ್ಲಿ ನೋಡು, ಪೆಟ್ರೋಲ್ ಎಲ್ಲಿ ಹೋತಂತ!”

ಅವ್ವ ನೋಡಲಿಲ್ಲ. ಕಾಳು ಆರಿಸುತ್ತ ಕೂತವಳು ತಲೆ ಎತ್ತದೆ, “ನೀ ಎಲ್ಲೂ ಹೋಗಿದ್ದಿಲ್ಲಂತ ನಿಮ್ಮಪ್ಪಗ ಗೊತ್ತಾಗಿತ್ತು” ಅಂದಳು.

ಅಪ್ಪಾ, ನನ್ನ ಕೈಯಲ್ಲಿದ್ದದ್ದು ನೀರಿನಲ್ಲಿ ಬಿತ್ತು.

“ಯಾವಾಗ?”

“ತೀರಿಕೊಳ್ಳೂಕಿಂತ ಹದಿನೈದು ದಿನಾ ಮೊದಲ. ತಾನ ಓಡಸ್ತಿದ್ದನಲ್ಲ. ಅವನ ಕೈಯಾಗೂ ಪೆಟ್ರೋಲ್ ಗುರುವಾರಕ್ಕ ಮುಗಿಯಾಕತ್ತು. ಒಂದು ತಿಂಗಳು ಪಂಪಿನವರು ಕಡಿಮಿ ಹಾಕ್ತಾರ ಅಂತ ಗೊಣಗಿದ, ಆಮ್ಯಾಲೆ ಒಪ್ಪಿಕೊಂಡ. ‘ಪಾಪ, ಆಕೀದು ತಪ್ಪಿರಲಿಲ್ಲ, ಆಕಿಗೆ ನೀನ ಹೇಳು’ ಅಂದ. ನಾ ಒಲ್ಲೆ ಅಂದೆ. ಮಂದಿ ಮುಂದ ಆಡಿದ ಮಾತು ಒಲಿ ಮುಂದ ಹೆಂಡತಿ ಕಡಿಂದ ವಾಪಸ್ ತಗೋತೀಯೇನು, ನೀನ ಹೇಳು ಅಂದೆ. ಹೂಂ ಅಂದ. ಹೊತ್ತು ನೋಡಿ ಹೇಳ್ತೀನಿ ಅಂದ.”

ಹೊತ್ತು ನೋಡಿ! ಅದು ಯಾವ ಪಂಚಾಂಗದಲ್ಲಿ ಬರುವ ಹೊತ್ತು? ಅಂಥ ಸರಳ ವಿಷಯ ನನಗೇ ಯಾಕೆ ಹೊಳೆದಿರಲಿಲ್ಲ ಎಂದು ತಲೆ ಚಚ್ಚಿಕೊಂಡೆ. ನೀನೇ ಓಡಿಸುತ್ತಿದ್ದೆ. ಸ್ಟೇರಿಂಗಿನ ಮೇಲೆ ನಿನ್ನದೇ ಕೈ. ಗಾಡಿ ನಿನ್ನ ಕೈಯಲ್ಲೂ ಅಷ್ಟೇ ಕುಡಿಯಿತು ಅಂದ ಮೇಲೆ ನನ್ನ ಮೇಲಿನ ಸಂಶಯ ಆ ಗುರುವಾರವೇ ಸತ್ತಿರಬೇಕು. ಸತ್ತ ಸಂಶಯವನ್ನು ನೀನು ಹದಿನೈದು ದಿನ ಕಿಸೆಯಲ್ಲಿ ಇಟ್ಟುಕೊಂಡು ತಿರುಗಿದೆ.

ಅವ್ವನ ಮೇಲೆ ಹರಿಹಾಯ್ದೆ. ಅವನು ಹೋದ ಮೇಲಾದರೂ ನೀನು ಹೇಳಬಾರದಿತ್ತೇ ಎಂದು ಕೇಳಿದೆ. “ಹೇಳಿದ್ರ ಸತ್ತವನ ಮ್ಯಾಲೆ ನಿನ್ನ ಸಿಟ್ಟು ಹೆಚ್ಚಾಗತಿತ್ತು” ಅಂದಳು. “ನೀವಿಬ್ಬರೂ ಕೂಡಿ ನನ್ನ ಜೀವಾ ತಿಂದ್ರಿ. ನೀ ಎಂಥಾ ತಾಯಿ?” ಅಂದುಬಿಟ್ಟೆ. ಅವ್ವ ಮೊರ ಎತ್ತಿಕೊಂಡು ಹೊರಗೆ ಹೋದಳು. ಮೂರು ದಿನ ಅವಳ ಜೊತೆ ಮಾತಾಡಲಿಲ್ಲ. ನಿನ್ನ ಮಗಳಲ್ಲವೇ ನಾನು.

ಮೀಟರು ವಾಪಸ್ ಕೊಡಲು ಹೋದಾಗ ಮಾಬುಸಾಬ್ ಕಾಕಾನನ್ನು ಕೇಳಿದೆ, ಅಪ್ಪ ಇಲ್ಲಿಗೆ ಬಂದಿದ್ದನೇನು ಎಂದು. ಬಂದಿದ್ದೆಯಂತೆ. ಚಹಾ ಕುಡಿಯುತ್ತ, “ಮಗಳ ಮ್ಯಾಲೆ ಸುಮ್ಮಸುಮ್ಮನ ಹಾರಾಡಿಬಿಟ್ಟೆ ಮಾಬೂ” ಅಂದೆಯಂತೆ. ಗಾಡಿ ತಂದು ತೋರಿಸುತ್ತೇನೆ ಎಂದು ಹೋದವನು ಮತ್ತೆ ಬರಲಿಲ್ಲವಂತೆ. “ನಿನ್ನ ಮುಂದ ಹೇಳ್ಯಾನ ಅಂತ ನಾ ತಿಳಕೊಂಡಿದ್ದೆ ಯವ್ವಾ” ಎಂದು ಅವನು ಪಾಪ ಕೈಕೈ ಹಿಸುಕಿಕೊಂಡ. ಬ್ಯಾಟರಿ ಅಂಗಡಿಯಲ್ಲಿ ಹೇಳಲು ಬಾಯಿ ಬಂತು ನಿನಗೆ. ಒಲೆಯ ಮುಂದೆ ಅವ್ವನಿಗೆ ಹೇಳಲು ಬಾಯಿ ಬಂತು. ಯಾರಿಗೆ ಹೇಳಬೇಕಿತ್ತೋ ಅವಳೊಬ್ಬಳನ್ನು ಬಿಟ್ಟು...

ಆ ಹದಿನೈದು ದಿನಗಳನ್ನು ಒಂದೊಂದಾಗಿ ನೆನಪು ಮಾಡಿಕೊಂಡಿದ್ದೇನೆ. ಒಂದು ದಿನ ನೀನು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತು, ನನ್ನನ್ನೇ ನೋಡಿ, “ಒಂದೀಟು ನೀರು ಕೊಡು” ಅಂದೆ. ಕೊಡ ನಿನ್ನ ಬಾಜುವೇ ಇತ್ತು. ನಾನು ಕೊಟ್ಟೆ, ನೀನು ಕುಡಿದೆ, ಲೋಟ ಹಿಡಿದು ಇನ್ನೂ ನಿಂತೇ ಇದ್ದೆ. ನಾನು ರೊಟ್ಟಿ ಬಡಿಯಲು ತಿರುಗಿಕೊಂಡೆ. ಅದೇ ಏನು ನಿನ್ನ ಹೊತ್ತು? ಅದೇ ನಿನ್ನ ಕ್ಷಮೆ ಕೇಳುವ ರೀತಿಯೇ? ಆಗಿದ್ದರೆ ಕೇಳು, ಅದು ಸಾಲದು. ಬೈಯುವಾಗ ನಾಲ್ಕು ಮಂದಿಯನ್ನು ಸೇರಿಸಿ ಬೈಯುವುದು, ತಪ್ಪು ಒಪ್ಪಿಕೊಳ್ಳುವಾಗ ನೀರು ಕೇಳುವುದು! ನಾನು ಬೆನ್ನು ತಿರುಗಿಸಿದ್ದು ನಿಜ. ಆ ಬೆನ್ನಿಗಾದರೂ ಹೇಳಬಹುದಿತ್ತು, ನನಗೆ ಕಿವಿ ಇದ್ದವು.

ಬಸಣ್ಣ ಕಾಕಾ ಮೊನ್ನೆ ಬೆಳಿಗ್ಗೆ ಬಂದಿದ್ದ. ಗಾಡಿ ಅಪಶಕುನದ್ದು, ಮಾರಿಬಿಡೋಣ, ಗಿರಾಕಿ ನೋಡಿದ್ದೇನೆ ಎಂದು. ಟೀಚರುಗಳು ಅಂಗಳದಲ್ಲೇ ಇದ್ದರು. ನಾನು ಈ ಹಳೆಯ ಸೆನ್ಸರನ್ನು ಅವನ ಅಂಗೈಗೆ ಹಾಕಿ ಎಲ್ಲ ಹೇಳಿದೆ. ಅವನು ತಿರುಗಿಸಿ ಮುರುಗಿಸಿ ನೋಡಿ, “ಆತು ಬಿಡವಾ. ಆಗಿಹೋದ ಮಾತು. ಸತ್ತವರ ಮ್ಯಾಲೆ ತಪ್ಪು ಹೊರಸಬಾರದು” ಅಂದ.

“ಬದುಕಿದ್ದವರ ಮ್ಯಾಲೆ ಹೊರಸಬಹುದೇನು ಕಾಕಾ?”

ಅವನು ಎಲೆಯ ಚೀಲ ಹುಡುಕತೊಡಗಿದ. ಆಗ ಅವ್ವ ಒಳಗಿನಿಂದ ಬಂದಳು. ನಿನ್ನ ಎದುರಿಗೆ ಒಂದು ದಿನವೂ ದನಿ ಏರಿಸದ ಅವ್ವ, ಪಡಸಾಲೆಯ ನಡುವೆ ನಿಂತು, ಅಂಗಳದ ಟೀಚರುಗಳಿಗೂ ಕೇಳುವ ಹಾಗೆ ಹೇಳಿದಳು. “ತಪ್ಪು ನಿಮ್ಮಣ್ಣಂದು, ಬಸಣ್ಣಾ. ಅವಗ ಗೊತ್ತಾಗಿತ್ತು, ನನಗ ಗೊತ್ತಿತ್ತು. ಉತ್ತರಾ ಸಿಕ್ತು ಅಂದಿದ್ದಿಯಲ್ಲ ಅವತ್ತ, ಈಗ ಸಿಕ್ಕೈತಿ ನೋಡು. ಗಾಡಿ ಆಕೀದು. ಮಾರೂ ಮಾತು ಇನ್ನೊಮ್ಮೆ ಈ ಮನಿಯಾಗ ತಗೀಬ್ಯಾಡ.” ಕಾಕಾ ಚಪ್ಪಲಿ ಮೆಟ್ಟಿಕೊಂಡು ಹೋದ. ಸರೋಜಾ ಟೀಚರ್ ಮುಖ ಆಚೆ ತಿರುಗಿಸಿ ಕಣ್ಣು ಒರೆಸಿಕೊಂಡರು.

ಹೊಸ ಸೆನ್ಸರ್ ಹಾಕಿದ್ದೇನೆ. ನಿನ್ನ ಸವಳು ನೀರನ್ನು ಪೂರ್ತಿ ಚೆಲ್ಲಿ, ಎರಡು ಸಲ ಒಳ್ಳೆಯ ನೀರಿನಿಂದ ತೊಳೆದು, ಯಾವ ಜೀವವೂ ಕುಡಿಯದ ಆ ಹಸಿರು ನೀರು ತುಂಬಿದ್ದೇನೆ. ಮುಳ್ಳು ಈಗ ನಡುವಿಗೆ ಬಂದು ನಿಲ್ಲುತ್ತದೆ. ಫ್ಯಾನು ಮೊದಲ ಸಲ ಗರ್ರ್ ಎಂದಾಗ ನಾನೇ ಬೆಚ್ಚಿಬಿದ್ದೆ. ಸೋಮವಾರದ ಪೆಟ್ರೋಲ್ ಸೋಮವಾರದ ತನಕ ಬರುತ್ತದೆ.

ಓಣಿಯಲ್ಲಿ ಎಲ್ಲರೂ ಹೇಳುತ್ತಾರೆ, ಹೋದವನ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡ ಎಂದು. ನಾನು ಇಟ್ಟುಕೊಳ್ಳುತ್ತೇನೆ. “ತಪ್ಪಾತವಾ” ಎಂದು ನೀನು ಒಂದು ಸಲ ಅಂದಿದ್ದರೆ ಅಲ್ಲೇ, ಹಿಟ್ಟಿನ ಕೈಯಲ್ಲೇ ಕ್ಷಮಿಸಿಬಿಡುತ್ತಿದ್ದೆ. ಕೇಳದವನಿಗೆ ಕೊಡುವುದು ಹೇಗೆ? ನನಗೆ ಬರುವುದಿಲ್ಲ.

ಒಂದು ಸುದ್ದಿ ಹೇಳಿ ಮುಗಿಸುತ್ತೇನೆ. ಬಸಣ್ಣ ಕಾಕಾ ಬಂದುಹೋದ ದಿನ ಸಂಜೆ ಟೀಚರುಗಳನ್ನು ಬಿಟ್ಟು ಬಂದೆ. ಅವ್ವ ಹಿತ್ತಲ ಕಟ್ಟೆಯ ಮೇಲೆ ಒಬ್ಬಳೇ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ನಾನು ಅಡಿಗೆಮನೆಯ ಬಾಗಿಲಲ್ಲಿ ಬಹಳ ಹೊತ್ತು ನಿಂತೆ. ಮೊದಲು ನೀರು ಕುಡಿದು ಬರೋಣ ಅನ್ನಿಸಿತು. ಕುಡಿಯಲಿಲ್ಲ. ನಡೆದು ಹೋಗಿ ಅವಳ ಎದುರಿಗೆ ನಿಂತೆ.

“ಎಂಥಾ ತಾಯಿ ಅಂದೆ ನಿನಗ. ತಪ್ಪಾತವಾ” ಅಂದೆ.

ಅವ್ವ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ಅಷ್ಟೇ. ಬಾಗಿಲಿನಿಂದ ಕಟ್ಟೆಯ ತನಕ ಹತ್ತು ಹೆಜ್ಜೆ, ಅಪ್ಪಾ. ನಿನಗೆ ಹದಿನೈದು ದಿನ ಇದ್ದವು.

ರೇಣುಕಾ